ಟಿಕಲಿ ಹಚ್ಚಿದ ಫ್ಲಾಪಿ

ಮೊನ್ನೆ ಚನ್ನಗಿರಿಯಲ್ಲಿ ನನ್ನ ಫೋನು ಕೈಕೊಟ್ಟಿತು. ಬಸ್ ಸ್ಟ್ಯಾಂಡಿನ ಎದುರಿಗಿರುವ ಮಹಡಿಯ ಮೇಲೆ ಮೊಬೈಲ್ ರಿಪೇರಿ ಅಂಗಡಿ ಇದೆಯೆಂದು ಯಾರೋ ಹೇಳಿದರು. ಮೆಟ್ಟಿಲ ಬುಡಕ್ಕೆ ಹೋಗಿ ನಿಂತಾಗಲೇ ಗೊತ್ತಾಯಿತು, ಅದೇ ಮಹಡಿ. ಮೂವತ್ತು ವರ್ಷಕ್ಕೂ ಹೆಚ್ಚಾಗಿತ್ತು ನಾನು ಅದನ್ನು ಹತ್ತಿ. ಮೇಲೆ ಎಲ್ಲವೂ ಬದಲಾಗಿದೆ, ಕಿಟಕಿಯೊಂದು ಬಿಟ್ಟು. ಆದರೆ ವಾಸನೆ ಬದಲಾಗಿಲ್ಲ. ಬಿಸಿಯಾದ ಯಂತ್ರದೊಳಗಿನ ಧೂಳು, ಜೊತೆಗೆ ಬೆಳಿಗ್ಗೆ ಹಚ್ಚಿದ ಊದುಬತ್ತಿ. ಕೌಂಟರಿನ ಹುಡುಗಿ ನನ್ನ ಫೋನು ತಿರುಗಿಸಿ ನೋಡಿ, "ಬ್ಯಾಕಪ್ ತಗಂಡೀರೇನ್ರಿ ಆಂಟಿ? ಇಲ್ಲಾಂದ್ರೆ ಇದ್ರಾಗಿರೋದೆಲ್ಲ ಹೋಗ್ತೈತೆ" ಅಂದಳು. ನಾನು ಪಾಸ್‌ವರ್ಡ್ ಹೇಳುವ ಮೊದಲು ಅಂಗಡಿಯಲ್ಲಿ ಇನ್ನ್ಯಾರಿದ್ದಾರೆ ಎಂದು ಹಿಂದೆ ಮುಂದೆ ನೋಡಿಕೊಂಡೆ. ಆ ಚಾಳಿ ಅಂಟಿದ್ದೂ ಇದೇ ಮಹಡಿಯ ಮೇಲೆಯೇ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ. ಆಗ ಇಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಡೆಸುತ್ತಿದ್ದ ಮಹೇಶ್ವರಪ್ಪನವರನ್ನು ಊರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಒಂದು ದಿನ ಅವರು ಟೈಪ್ ಮೆಶಿನ್ನುಗಳನ್ನೆಲ್ಲ ಒಂದು ಗೋಡೆಗೆ ಸರಿಸಿ, ಇನ್ನೊಂದು ಗೋಡೆಗೆ ಕಂಪ್ಯೂಟರ್ ತಂದು ಕೂರಿಸಿದರು. ಹೊರಗೆ ಬೋರ್ಡು ಬಿತ್ತು: ಕಂಪ್ಯೂಟರ್ ಜಾತಕ ಮತ್ತು ವಧೂವರ ಕೇಂದ್ರ. ನಾನು ಹೊನ್ನಾಳಿಯವಳು, ದಾವಣಗೆರೆಯಲ್ಲಿ ಒಂದಿಷ್ಟು ದಿನ ಕಂಪ್ಯೂಟರ್ ಕಲಿತು ಬಂದಿದ್ದೆ. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಆ ಯಂತ್ರದ ಮುಂದೆ ಕೂರುವ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ನನ್ನನ್ನು ಸಂಶಯದ ಗಂಟು ಎಂದು ಬಯ್ಯುತ್ತಿದ್ದರು. ಹಾಲಿನವನು ಅಳೆಯುವಾಗ ಕೈ ನೋಡುವವಳು, ಬಾಗಿಲು ಹಾಕಿ ಬಂದ ಮೇಲೆ ಮತ್ತೆ ಹೋಗಿ ಅಲುಗಾಡಿಸಿ ನೋಡುವವಳು ನಾನು. ನನಗೆ ತಕ್ಕ ಜಾಗಕ್ಕೇ ಬಂದು ಸೇರಿದ್ದೆ ಎಂದು ಎರಡೇ ದಿನಕ್ಕೆ ತಿಳಿಯಿತು.

ಯಾಕೆಂದರೆ ಅಲ್ಲಿಗೆ ಬರುತ್ತಿದ್ದವರೆಲ್ಲ ನನ್ನಂಥವರೇ. ಮಗಳು ಹುಟ್ಟಿದ ಗಳಿಗೆ ಹೇಳಬೇಕಾದರೆ ಒಬ್ಬೊಬ್ಬರೂ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಬಾಗಿಲ ಕಡೆ ಕಣ್ಣು ಹಾಯಿಸಿ, ಕಿವಿಯಲ್ಲಿ ಹೇಳಿದ ಹಾಗೆ ಹೇಳುತ್ತಿದ್ದರು. ನಕ್ಷತ್ರ ಯಾವುದೆಂದು ಆಗದವರ ಕಿವಿಗೆ ಬಿದ್ದರೆ ಸಂಬಂಧ ತಪ್ಪಿಸುತ್ತಾರೆ ಎಂಬ ಭಯ. ಬಸವಾಪಟ್ಟಣದವರು ಸಾಸ್ವೆಹಳ್ಳಿಯವರನ್ನು ಕಂಡರೆ ಬಾಯಿ ಮುಚ್ಚುವರು, ಸಾಸ್ವೆಹಳ್ಳಿಯವರು ತಮ್ಮ ಸೋದರಮಾವನನ್ನೇ ಮೆಟ್ಟಿಲ ಕೆಳಗೆ ನಿಲ್ಲಿಸಿ ಬರುವರು. ಹೀಗೆ ಸುತ್ತಮುತ್ತಲ ಮನೆಗಳ ಹೆಣ್ಣುಮಕ್ಕಳ ಗುಟ್ಟೆಲ್ಲ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಚೌಕದೊಳಗೆ ಬಂದು ಕೂತಿತು. ಫ್ಲಾಪಿ ಎಂದರೆ ಅದೇ. ತೆಳ್ಳಗೆ, ಬಾಗುವಂಥದು, ನಡುವೆ ಒಂದು ತೂತು. ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕರೆಂಟು ಹೋದರೆ ಅದು ಬರೀ ಡಬ್ಬ, ನೆನಪಿರುತ್ತಿದ್ದದ್ದು ಫ್ಲಾಪಿಗೆ ಮಾತ್ರ.

ಮೇಷ್ಟ್ರು ಅದನ್ನು ಕಾಯುತ್ತಿದ್ದ ರೀತಿ ನೋಡಬೇಕಿತ್ತು. ಚಪ್ಪಲಿ ಹೊರಗೆ. ವೀಳ್ಯ ಹೊರಗೆ. ಫ್ಲಾಪಿ ಇಡಲು ಒಂದು ಮರದ ಪೆಟ್ಟಿಗೆ, ಅದಕ್ಕೆ ಬೀಗ, ಬೀಗದ ಕೀಲಿ ಅವರ ಉಡಿದಾರಕ್ಕೆ. ಪೆಟ್ಟಿಗೆ ತೆಗೆಯಬೇಕಾದಾಗಲೆಲ್ಲ ಪಾಪ ಗೋಡೆಯ ಕಡೆ ತಿರುಗಿ ಪಂಚೆ ಸಡಿಲಿಸಿಕೊಳ್ಳುತ್ತಿದ್ದರು, ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಬೆಳಿಗ್ಗೆ ನನ್ನ ಕೈಗೆ ಕೊಟ್ಟರೆ ಸಂಜೆ ಅದನ್ನು ಮತ್ತೆ ಒಳಗಿಟ್ಟು ಬೀಗ ಹಾಕುವ ತನಕ ಅವರಿಗೆ ಸಮಾಧಾನವಿರಲಿಲ್ಲ.

ಫ್ಲಾಪಿಯ ಒಂದು ಅಂಚಿಗೆ ಪುಟ್ಟದೊಂದು ಕಚ್ಚು ಇರುತ್ತಿತ್ತು. ಅದು ತೆರೆದಿದ್ದರೆ ಹೊಸದು ಬರೆಯಬಹುದು, ಇದ್ದದ್ದನ್ನು ತಿದ್ದಬಹುದು, ಅಳಿಸಲೂಬಹುದು. ಅದನ್ನು ಮುಚ್ಚಿಬಿಟ್ಟರೆ ಓದಲಷ್ಟೇ ಸಾಧ್ಯ. ಮುಚ್ಚಲು ಬೆಳ್ಳಿಬಣ್ಣದ ಚೀಟಿಗಳನ್ನು ಫ್ಲಾಪಿಯ ಡಬ್ಬಿಯ ಜೊತೆಗೇ ಕೊಟ್ಟಿದ್ದರು. ನಾನು ಬೆಳಗಿನ ಹೊತ್ತು ಹೊಸ ಹೆಸರುಗಳನ್ನು ಬರೆದು, ಆಮೇಲೆ ಕಚ್ಚನ್ನು ಮುಚ್ಚಿ, ಮಧ್ಯಾಹ್ನವೆಲ್ಲ ಬರೀ ಜಾತಕ ಹೊಂದಿಸಿ ನೋಡುವ ಕೆಲಸ ಮಾಡುತ್ತಿದ್ದೆ. ದಿನಕ್ಕೊಂದು ಚೀಟಿಯಂತೆ ಕಿತ್ತು ಅಂಟಿಸಿ ಅವು ಬೇಗ ಮುಗಿದವು. ದಾವಣಗೆರೆಯಲ್ಲೂ ಸಿಗಲಿಲ್ಲ. ಒಂದು ದಿನ ಬೇರೆ ದಾರಿ ಕಾಣದೆ ನನ್ನ ಹಣೆಯ ಟಿಕಲಿಯನ್ನೇ ಕಿತ್ತು ಆ ಕಚ್ಚಿನ ಮೇಲೆ ಒತ್ತಿದೆ. ಕಂದು ಬಣ್ಣದ, ಮೆಣಸಿನ ಕಾಳಿನಷ್ಟು ದೊಡ್ಡ ಟಿಕಲಿ. ಕಚ್ಚನ್ನು ಅಳತೆ ತೆಗೆದು ಮಾಡಿಸಿದ ಹಾಗೆ ಮುಚ್ಚಿತು. ಬರೆಯಲು ಹೋದರೆ ಯಂತ್ರ ಒಪ್ಪಲಿಲ್ಲ. ಮೇಷ್ಟ್ರು ನೋಡಿ ಜೋರಾಗಿ ನಕ್ಕರು. "ಆತು ಬಿಡವ್ವ, ಫ್ಲಾಪಿನೂ ಮುತ್ತೈದೆ ಆತು." ಅಂದಿನಿಂದ ಟಿಕಲಿಯೇ ನಮ್ಮ ಮೊಹರು.

ಅವರಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ದಾವಣಗೆರೆಯಲ್ಲಿ ನನಗೆ ಕಲಿಸಿದವರು ಒಂದು ಮಾತನ್ನು ತಲೆಗೆ ಮೊಳೆ ಹೊಡೆದ ಹಾಗೆ ಹೇಳಿದ್ದರು: ಒಂದು ನಕಲು ಇರಲೇಬೇಕು, ಅದು ಬೇರೆ ಊರಿನಲ್ಲಿರಬೇಕು. ಮೇಷ್ಟ್ರಿಗೆ ಹೇಳಿ ನೋಡಿದೆ. "ಎರಡು ಮಾಡಿದ್ರೆ ಗುಟ್ಟು ಎಲ್ಲಿ ಉಳೀತೈತೆ? ಒಂದಿದ್ರೆ ಒಂದ್ ಕಣ್ಣಾಗೆ ಕಾಯಬೌದು" ಅಂದುಬಿಟ್ಟರು. ಧೂಳು, ಬಿಸಿಲು, ಇಲಿ, ಯಾವಾಗೆಂದರೆ ಆವಾಗ ಹೋಗುವ ಕರೆಂಟು, ಯಾವುದನ್ನೂ ನಾನು ನಂಬಿರಲಿಲ್ಲ. ಹಾಗಾಗಿ ಶನಿವಾರ ಶನಿವಾರ ಇನ್ನೊಂದು ಫ್ಲಾಪಿಗೆ ಎಲ್ಲವನ್ನೂ ನಕಲು ಮಾಡಿ, ಅದಕ್ಕೂ ಟಿಕಲಿ ಹಚ್ಚಿ, ಹೊನ್ನಾಳಿಯ ಬಸ್ಸು ಹತ್ತುತ್ತಿದ್ದೆ. ನಮ್ಮ ಮನೆಯ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಅದರ ವಾಸ. ಮುಂದಿನ ಶನಿವಾರ ಬೆಳಿಗ್ಗೆ ಮನೆಯವರ ಕೈಲಿ ಅದನ್ನೇ ತರಿಸಿಕೊಂಡು ಹೊಸದಾಗಿ ನಕಲು ಮಾಡಿಕೊಳ್ಳುವುದು. ಅದು ಸರಿಯಾದ ಕೆಲಸ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಆ ಬೇಸಿಗೆ ನನಗೊಬ್ಬಳು ಗೆಳತಿ ಸಿಕ್ಕಿದ್ದಳು. ಸುಜಾತ, ಬಸವಾಪಟ್ಟಣದವಳು, ಟೈಪಿಂಗ್ ಕಲಿಯಲು ಬರುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಬಸ್ಸು ಬರುವವರೆಗೆ ನನ್ನ ಪಕ್ಕದಲ್ಲೇ ಕೂರುವಳು. ಬೆರಳು ಚುರುಕು, ತಲೆ ಅದಕ್ಕಿಂತ ಚುರುಕು. ನಾನು ಎರಡು ಸಲ ಮಾಡಿದ್ದನ್ನು ನೋಡಿದರೆ ಮೂರನೆಯದನ್ನು ತಾನೇ ಮಾಡುತ್ತಿದ್ದಳು. ಶಿಕ್ಷಕರ ತರಬೇತಿಗೆ ಹೋಗಿ ಟೀಚರ್ ಆಗಬೇಕೆಂಬುದು ಅವಳ ಒಂದೇ ಹಟ. ಮನೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ಅವಳ ಅಪ್ಪ ನಿಂಗಪ್ಪ ಒಂದು ದಿನ ಅವಳ ಹೆಸರನ್ನೇ ಬರೆಸಲು ಮೆಟ್ಟಿಲು ಹತ್ತಿ ಬಂದ.

"ಯಾವ ಹೊತ್ತಿಗೆ ಹುಟ್ಟಿದ್ದು?" ಎಂದು ಕೇಳಿದೆ.

"ದೀಪ ಹಚ್ಚೋ ಹೊತ್ತು ಕಣವ್ವ. ನಂಗೆ ಚೆಂದಾಗಿ ನೆಪ್ಪೈತೆ."

"ಗಂಟೆ ಎಷ್ಟಿರಬಹುದು?"

"ಗಡಿಯಾರ ಎಲ್ಲಿತ್ತು ನಮ್ತಾವ? ದೀಪ ಹಚ್ಚೋ ಹೊತ್ತು ಅಂದ್ರೆ ದೀಪ ಹಚ್ಚೋ ಹೊತ್ತು."

ಯಂತ್ರಕ್ಕೆ ಗಂಟೆಯೇ ಬೇಕು. ನಮ್ಮ ಮನೆಯಲ್ಲಿ ದೀಪ ಹಚ್ಚುತ್ತಿದ್ದ ಹೊತ್ತನ್ನು ನೆನೆಸಿಕೊಂಡು ಏಳು ಎಂದು ಒತ್ತಿದೆ. ಪೂರ್ವಾಷಾಢ ನಕ್ಷತ್ರ ಬಂತು. ನ್ಯಾಮತಿಯ ಬೀಜದ ವ್ಯಾಪಾರಿ ಈಶ್ವರಪ್ಪನ ಮಗನ ಜಾತಕಕ್ಕೆ ಹೊಂದಿಸಿ ನೋಡಿದರೆ ಬೆಲ್ಲ ಕೊಬ್ಬರಿಯಂತೆ ಹೊಂದಿತು. ಮೇಷ್ಟ್ರು ಹಿಂದೆ ನಿಂತು ಕಣ್ಣಾರೆ ನೋಡಿ, ಆಗಲೇ ನ್ಯಾಮತಿಗೆ ಹೇಳಿ ಕಳಿಸಿದರು. ಎರಡೂ ಕಡೆಯವರು ಒಪ್ಪಿದರು. ಜಾತಕ ಅಚ್ಚು ಹಾಕಿಸಿಕೊಂಡು ಹೋಗಿ ನಿಶ್ಚಯ ಮಾಡಿಕೊಳ್ಳುವುದಷ್ಟೇ ಬಾಕಿ.

ಸುಜಾತಳಿಗೆ ನಾನು ತಮಾಷೆಗೆ ಹೇಳಿದೆ, "ಸ್ವಲ್ಪದರಲ್ಲಿ ಬಚಾವಾದೆ ಕಣೆ. ಏಳಕ್ಕೆ ಸ್ವಲ್ಪ ಮುಂಚೆವರೆಗೂ ಮೂಲಾ ನಕ್ಷತ್ರ ಇತ್ತು."

"ಮೂಲಾ ಆದ್ರೆ ಏನಾಗ್ತೈತೆ?"

"ಮೂಲಾ ಹುಡುಗಿ ಮಾವನಿಗೆ ಆಗಿಬರಲ್ಲ ಅಂತಾರೆ. ಯಾವ ಮಾವ ಒಪ್ತಾನೆ?"

ಅವಳು ನಗಲಿಲ್ಲ. ಪರದೆಯ ಮೇಲಿನ ಹಸಿರು ಅಕ್ಷರಗಳನ್ನು ನೋಡುತ್ತ ಕೂತಳು. ಬಸ್ಸು ಬಂದದ್ದನ್ನು ನಾನೇ ಹೇಳಬೇಕಾಯಿತು.

ಈಶ್ವರಪ್ಪ ಬಂದದ್ದು ಒಂದು ಶನಿವಾರ. ಹಣ್ಣುಕಾಯಿ, ಹೂವು, ಇಬ್ಬರು ಹಿರಿಯರು. ನಿಂಗಪ್ಪನೂ ಹೊಸ ಟವಲ್ ಹೊದ್ದು ಬಂದಿದ್ದ. ಮೇಷ್ಟ್ರು ಗೋಡೆಯ ಕಡೆ ತಿರುಗಿ ಕೀಲಿ ತೆಗೆದು, ಫ್ಲಾಪಿಯನ್ನು ಎರಡು ಕೈಯಲ್ಲಿ ನನಗೆ ಕೊಟ್ಟರು. ಕಚ್ಚಿನ ಮೇಲಿದ್ದ ಟಿಕಲಿ ನನ್ನದಲ್ಲ. ನನ್ನದು ಕಂದು, ಸಣ್ಣದು. ಇದು ಕೆಂಪು, ಅದಕ್ಕಿಂತ ದೊಡ್ಡದು, ಅಂಚಿನಲ್ಲಿ ಚೂರು ಪೌಡರು. ಅಂಥ ಟಿಕಲಿಯನ್ನು ನಾನು ದಿನಾ ಪಕ್ಕದಲ್ಲೇ ನೋಡುತ್ತಿದ್ದೆ. ಹಿಂದಿನ ದಿನ ಮಧ್ಯಾಹ್ನ ಸುಜಾತಳನ್ನು ಕೂರಿಸಿ ನಾನು ಕೆಳಗೆ ಮೆಡಿಕಲ್ ಶಾಪಿಗೆ ಹೋಗಿ ಬಂದದ್ದು ನೆನಪಾಯಿತು. ಸಂಜೆ ಫ್ಲಾಪಿಯನ್ನು ಯಂತ್ರದಿಂದ ತೆಗೆದು ಒಳಗಿಟ್ಟವರು ಮೇಷ್ಟ್ರೇ, ನಾನು ನೋಡಿರಲಿಲ್ಲ. ಯೋಚಿಸುತ್ತ ನಿಲ್ಲಲು ಸಮಯವಿರಲಿಲ್ಲ. ಫ್ಲಾಪಿ ಒಳಗೆ ಹೋಯಿತು, ಪ್ರಿಂಟರು ಕಿರ್ರೋ ಎಂದು ಹಲ್ಲು ಕಡಿಯಿತು, ಮೇಷ್ಟ್ರು ಕಾಗದವನ್ನು ಹರಿದುಕೊಂಡು ಪುರಾಣ ಓದುವ ಗತ್ತಿನಲ್ಲಿ ಶುರುಮಾಡಿದರು. "ಚಿರಂಜೀವಿ ಸೌಭಾಗ್ಯವತಿ ಸುಜಾತ. ಜನನ, ಸಂಜೆ ಆರು ಗಂಟೆ. ನಕ್ಷತ್ರ..." ಕಾಗದವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. "ಮೂಲಾ."

ಈಶ್ವರಪ್ಪ ಕೂತಲ್ಲಿಂದ ಎದ್ದುಬಿಟ್ಟ. ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು. "ನಾನಿನ್ನೂ ನಾಕು ದಿನ ಬದುಕ್ಬೇಕು ಕಣ್ರಪ್ಪ" ಅಂದ. ನಿಂಗಪ್ಪ, "ಆರೋ ಏಳೋ, ದೀಪ ಹಚ್ಚೋ ಹೊತ್ತು..." ಎನ್ನುತ್ತ ಹಿಂದೆಯೇ ಮೆಟ್ಟಿಲಿಳಿದ. ಹಣ್ಣುಕಾಯಿ ಮೇಜಿನ ಮೇಲೆಯೇ ಉಳಿಯಿತು.

ಮೇಷ್ಟ್ರು ಬಾಗಿಲು ಹಾಕಿದರು. "ಅವತ್ತು ಪೂರ್ವಾಷಾಢ ಇತ್ತು. ನಾನ್ ಕಣ್ಣಾರೆ ನೋಡೀನಿ. ಯಾರು ಮುಟ್ಟಿದ್ದು?" ನಾನು ಗೊತ್ತಿಲ್ಲ ಎಂದೆ. ಅವರು ನನ್ನ ಮುಖವನ್ನು ನೋಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ. ಅಷ್ಟು ದಿನ ಲೋಕವನ್ನೆಲ್ಲ ಅನುಮಾನಿಸುವಾಗ ನಾವಿಬ್ಬರೂ ಒಂದೇ ಕಡೆ ಇದ್ದೆವು. ಆ ಗಳಿಗೆಗೆ ಅವರು ಆಚೆ ದಡಕ್ಕೆ ಹೋಗಿ ನಿಂತರು. "ಹೊನ್ನಾಳಿಗೆ ಹೊಸ ವಧೂವರ ಕೇಂದ್ರ ಬರ್ತೈತಂತೆ. ನೀನು ಶನಿವಾರ ಶನಿವಾರ ಹೊನ್ನಾಳಿಗೆ ಹೋಗ್ತೀಯ. ಬ್ಯಾಗ್ ತೋರ್ಸು."

ಬ್ಯಾಗಿನಲ್ಲಿ ನನ್ನ ಇನ್ನೊಂದು ಫ್ಲಾಪಿ ಇತ್ತು. ಹೋದ ವಾರದ ನಕಲು, ಹೊಸದಾಗಿ ಮಾಡಿಕೊಳ್ಳಲೆಂದು ಅವತ್ತು ಬೆಳಿಗ್ಗೆ ಊರಿಂದ ತರಿಸಿಕೊಂಡದ್ದು. ಅವರು ಅದನ್ನು ಹಲ್ಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನು?"

"ನಕಲು ಸಾರ್. ಇದು ಕೆಟ್ಟುಹೋದ್ರೆ ಇರ್ಲಿ ಅಂತ."

"ಕೆಟ್ಟುಹೋದ್ರೆ ಅಂತಲೋ, ಮಾರಾಕಂತಲೋ? ಹಾಕು ಅದನ್ನ. ಏನೈತೆ ನೋಡ್ತೀನಿ. ಇದ್ರಾಗೊಂದು ಅದ್ರಾಗೊಂದು ಇದ್ರೆ, ನಿಂಗಪ್ಪನ್ನ ಕೂಗಿ, ಮಗಳನ್ನೂ ಕೂರ್ಸಿ ಇವತ್ತೇ ಇತ್ಯರ್ಥ ಮಾಡ್ತೀನಿ. ಈಶ್ವರಪ್ಪ ಇನ್ನೂ ಬಸ್ ಸ್ಟ್ಯಾಂಡ್‌ನಾಗೇ ಇರ್ತಾನೆ."

ಇಕ್ಕಟ್ಟು ಏನೆಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಆ ನಕಲಿನಲ್ಲಿ ಸುಜಾತ ಏಳು ಗಂಟೆಗೆ ಹುಟ್ಟಿದ್ದಳು. ತೋರಿಸಿದರೆ, ಈ ವಾರದಲ್ಲಿ ಯಾರೋ ತಿದ್ದಿದ್ದಾರೆ ಎಂದಾಗುತ್ತದೆ. ನಾನೇ ತಿದ್ದಿದ್ದರೆ ಹಳೆಯದನ್ನು ಜೋಪಾನವಾಗಿ ಇಟ್ಟುಕೊಂಡು ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದೆನೆ? ಆ ಒಂದು ಮಾತಿಗೆ ನಾನು ಪಾರು. ಆದರೆ ಆ ಕೆಂಪು ಟಿಕಲಿ ಯಾರದೆಂಬ ಮಾತು ಬಂದೇ ಬರುತ್ತದೆ. ಈಶ್ವರಪ್ಪನನ್ನು ವಾಪಸು ಕರೆತರುತ್ತಾರೆ, ವೈಶಾಖದೊಳಗೆ ಸುಜಾತ ನ್ಯಾಮತಿಯಲ್ಲಿರುತ್ತಾಳೆ. ಒಳ್ಳೆಯ ನಕ್ಷತ್ರವನ್ನು ಕೆಟ್ಟದ್ದು ಮಾಡಿಕೊಳ್ಳುವಷ್ಟು ಬೇಡವಾಗಿತ್ತು ಅವಳಿಗೆ ಆ ಮದುವೆ. ಮೇಷ್ಟ್ರು ಊರೆಲ್ಲರನ್ನೂ ಅನುಮಾನಿಸಿದರು, ಹುಡುಗಿ ತನಗೆ ತಾನೇ ಮೂಲಾ ಹಚ್ಚಿಕೊಳ್ಳಬಹುದು ಎಂಬುದು ಮಾತ್ರ ಅವರ ಅನುಮಾನದೊಳಗೂ ಬಂದಿರಲಿಲ್ಲ.

"ಮೊದಲು ಎರಡನ್ನೂ ತಾಳೆ ನೋಡೋಣ ಸಾರ್" ಎಂದೆ. ನನ್ನ ನಕಲಿನ ಕಚ್ಚಿನಿಂದ ಕಂದು ಟಿಕಲಿಯನ್ನು ಕಿತ್ತು ಬೆರಳಿಗೆ ಅಂಟಿಸಿಕೊಂಡೆ. ಯಂತ್ರಕ್ಕಿದ್ದ ಎರಡು ಬಾಯಿಗಳಲ್ಲಿ ಒಂದಕ್ಕೆ ಮೇಷ್ಟ್ರ ಫ್ಲಾಪಿಯನ್ನು, ಇನ್ನೊಂದಕ್ಕೆ ನನ್ನದನ್ನು ಕೊಟ್ಟು, ಅವರದ್ದನ್ನು ನನ್ನದರ ಮೇಲೆ ಪೂರಾ ಬರೆದುಬಿಡು ಎಂಬ ಆಜ್ಞೆ ಒತ್ತಿದೆ. ಕೆಂಪು ದೀಪ ಹತ್ತಿತು. ಗರ್ ಗರ್ ಸದ್ದು ಶುರುವಾಯಿತು.

"ಏನ್ ಮಾಡ್ತೈತೆ ಅದು?" ಮೇಷ್ಟ್ರು ನನ್ನ ಭುಜದ ಹಿಂದೆಯೇ ಇದ್ದರು.

"ತಾಳೆ ನೋಡ್ತಾ ಐತೆ ಸಾರ್."

ಆ ಸದ್ದು ಮುಗಿಯುವವರೆಗೆ ನಾನು ಕೆಂಪು ದೀಪವನ್ನೇ ನೋಡುತ್ತಿದ್ದೆ. ಎಷ್ಟು ಜೋಪಾನ ಮಾಡಿದ್ದೆ ಆ ನಕಲನ್ನು. ಬಸ್ಸಿನಲ್ಲಿ ಬಿಸಿಲು ತಾಗದ ಹಾಗೆ ಸೆರಗಿನೊಳಗೆ ಇಟ್ಟುಕೊಂಡು ಹೋಗಿದ್ದೆ. ನಾನು ಕಳ್ಳಿಯಲ್ಲ ಎಂದು ಹೇಳಬಲ್ಲ ಒಂದೇ ಒಂದು ಸಾಕ್ಷಿಯನ್ನು ನನ್ನ ಬೆರಳಿಂದಲೇ ಅಳಿಸುತ್ತಿದ್ದೆ. ಆಮೇಲೆ ಒಂದಾದ ಮೇಲೊಂದು ತೆರೆದು ತೋರಿಸಿದೆ. ಎರಡರಲ್ಲೂ ಆರು ಗಂಟೆ. ಎರಡರಲ್ಲೂ ಮೂಲಾ. "ನೋಡಿ ಸಾರ್, ಎರಡೂ ಒಂದೇ. ಯಾರೂ ಏನೂ ತಿದ್ದಿಲ್ಲ. ಅವತ್ತು ನೀವು ಬೇರೆ ಯಾರದೋ ನೋಡಿರ್ಬೇಕು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ತಮ್ಮ ಕಣ್ಣಿನ ಮೇಲೆಯೇ ಸಂಶಯ ಬಂದದ್ದು ಕಾಣಿಸಿತು. ಒಂದು ಗಳಿಗೆ ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು ಕೇಳಿದರು, "ಒಂದೇ ಆದ್ರೆ ಎರಡ್ಯಾಕೆ ಇಟ್ಕಂಡಿದ್ದೆ?"

ದಾವಣಗೆರೆಯಲ್ಲಿ ಕಲಿತ ಉತ್ತರ ನನ್ನ ಹತ್ತಿರ ಇತ್ತು, ಆದರೆ ಅದನ್ನು ಆಗಲೇ ಹೇಳಿಯಾಗಿತ್ತು. ಎರಡೂ ಫ್ಲಾಪಿಗಳು ಪೆಟ್ಟಿಗೆಗೆ ಹೋದವು. ಸೋಮವಾರದಿಂದ ಬರಬೇಡ ಎಂದರು.

ನನಗಿಂತ ಮೊದಲೇ ಸುದ್ದಿ ಹೊನ್ನಾಳಿ ತಲುಪಿತ್ತು. ನಾನು ಫ್ಲಾಪಿ ಕದ್ದೆನಂತೆ. ಫ್ಲಾಪಿ ಎಂದರೇನೆಂದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯಾಕೆ ನಮ್ಮಮ್ಮನನ್ನು ಮೆಲ್ಲಗೆ, "ಎಷ್ಟು ತೊಲದ್ದಂತೆ?" ಎಂದು ಕೇಳಿದರು. ನಗು ಬರಬೇಕಿತ್ತು, ನನಗೆ ಅಳುವೇ ಬಂತು. ಆ ಮಳೆಗಾಲವೆಲ್ಲ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಸುಜಾತಳಿಂದ ಒಂದು ಮಾತಿಲ್ಲ, ಕತೆಯಿಲ್ಲ. ಅವಳ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಕ್ರಮೇಣ ಸಿಟ್ಟು ಹೋಗಿ ಅನುಮಾನ ಬಂದು ಕೂತಿತು. ತಿದ್ದಿದ್ದು ನಿಜವಾಗಿಯೂ ಅವಳೇನಾ? ಒಂದು ಟಿಕಲಿ ನೋಡಿ ನಾನೇ ಇಲ್ಲದ ಕತೆ ಕಟ್ಟಿಕೊಂಡೆನಾ? ಆಮೇಲೆ ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ ಸಿಕ್ಕಿತು, ಮದುವೆಯಾಯಿತು, ಬದುಕು ಮುಂದೆ ಹೋಯಿತು. ಆ ಅನುಮಾನ ಮಾತ್ರ ಹೋಗಲಿಲ್ಲ.

ಅದು ಹೋದದ್ದು ಜಗಳೂರಿನಲ್ಲಿ. ಬಹಳ ವರ್ಷದ ಮೇಲೆ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಹೆಂಗಸು ಅನ್ನ ಕಲಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಹಣೆಯಲ್ಲಿ ಅದೇ ದೊಡ್ಡ ಕೆಂಪು ಟಿಕಲಿ. ಅಲ್ಲಿಯ ಶಾಲೆಯಲ್ಲಿ ಟೀಚರಂತೆ. ಊಟವಾದ ಮೇಲೆ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಅವಳ ತಾಯಿ ಹಾಲಮ್ಮ ಕಂಬಕ್ಕೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರನ್ನು ನಾನು ಅವತ್ತೇ ಮೊದಲು ನೋಡಿದ್ದು. ನಾನಿನ್ನೂ ಕೂತೇ ಇರಲಿಲ್ಲ, ಸುಜಾತ ಗಳಗಳ ಅತ್ತುಬಿಟ್ಟಳು.

"ಆ ಟಿಕಲಿ ನಂದೇ ಕಣೆ. ನಿಂದು ಕಿತ್ತಿದ್ದು ಎಲ್ಲೋ ಬಿದ್ದೋತು, ಹುಡುಕಿದ್ರೂ ಸಿಗ್ಲಿಲ್ಲ. ನಿನ್ ಕೆಲಸ ಹೋತಂತ ಕೇಳಿದ್ ಮೇಲೆ ಮುಖ ತೋರ್ಸಾಕೆ ಧೈರ್ಯ ಬರ್ಲಿಲ್ಲ. ಓದಾಕೆ ಅಂತ ನನ್ ಹುಟ್ಟನ್ನೇ ಸುಳ್ಳು ಮಾಡ್ದೆ."

"ನೋಡಿದ ಕೂಡಲೇ ಗೊತ್ತಾಗಿತ್ತು" ಎಂದೆ. ಬೇಡವೆಂದರೂ ಧ್ವನಿ ಒರಟಾಗಿಯೇ ಬಂತು. ಅಷ್ಟೂ ವರ್ಷದ ಸಿಟ್ಟು ಅದರೊಳಗಿತ್ತು. ಆದರೆ ಅವಳ ಮೇಜಿನ ಮೇಲೆ ಮಕ್ಕಳ ಪುಸ್ತಕಗಳು ಒಟ್ಟಿದ್ದವು, ಅದನ್ನು ನೋಡಿದ ಮೇಲೆ ಮುಂದೆ ಬಯ್ಯಲು ಮನಸ್ಸಾಗಲಿಲ್ಲ.

ಹಾಲಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. "ಏನೇ ಅದು ಸುಳ್ಳು?"

ಸುಜಾತ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಅಪ್ಪ ಹೇಳಿದ ದೀಪ ಹಚ್ಚುವ ಹೊತ್ತು, ನಾನು ಬರೆದ ಏಳು, ತಾನು ತಿದ್ದಿದ ಆರು.

"ಏಳೂ ಅಲ್ಲ, ಆರೂ ಅಲ್ಲ" ಎಂದರು ಹಾಲಮ್ಮ. "ನೀ ಹುಟ್ಟಿದ್ದು ಮಧ್ಯಾಹ್ನ ಉಂಡು ಮಲಗೋ ಹೊತ್ನಾಗೆ. ಬಿಸಿಲು ನೆತ್ತಿ ಮೇಲಿತ್ತು. ನಿಮ್ಮಪ್ಪ ಸಂತೆಗೆ ಹೋದೋನು ಮನೆಗೆ ಬಂದು ನಿನ್ ಮುಖ ನೋಡಿದ್ದು ದೀಪ ಹಚ್ಚೋ ಹೊತ್ತಿಗೆ."

ನನಗೆ ಆ ದಿನದ ಪರದೆ ಕಣ್ಣ ಮುಂದೆ ಬಂತು. ಏಳಕ್ಕೆ ಸ್ವಲ್ಪ ಮುಂಚಿನವರೆಗೆ ಮೂಲಾ ಎಂದರೆ, ಮಧ್ಯಾಹ್ನವೂ ಮೂಲಾ. ಗಂಟೆ ತಪ್ಪಿದ್ದರೂ, ಸುಜಾತ ತಿದ್ದಿ ತಂದ ನಕ್ಷತ್ರವೇ ನಿಜವಾಗಿತ್ತು. ಮೇಷ್ಟ್ರು ಉಡಿದಾರದಲ್ಲಿ ಕೀಲಿ ಕಟ್ಟಿಕೊಂಡು, ನಾನು ಟ್ರಂಕಿನಲ್ಲಿ ಸೀರೆ ಹೊದಿಸಿ, ಆ ಬೇಸಿಗೆಯೆಲ್ಲ ಕಾದದ್ದು ಸುಳ್ಳನ್ನು.

"ಅಮ್ಮಾ, ಅವತ್ತೇ ಯಾಕೆ ಹೇಳಲಿಲ್ಲ ನೀವು?" ಎಂದೆ.

ಹಾಲಮ್ಮ ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಎತ್ತಿ ಅಂಗಳಕ್ಕೆ ಎಸೆದರು.

"ನನ್ನ ಯಾರು ಕೇಳಿದ್ರವ್ವ?"